ಬಿಗಿಯಾಗಿದ್ದ ಬೋಲ್ಟು

ಬೋಲ್ಟಣ್ಣನನ್ನು ಮೊದಲ ಸಲ ಕಂಡ ದಿನ ನನ್ನ ಕಣ್ಣಿಗೆ ಬಿದ್ದದ್ದು ಅವನ ಮುಖವಲ್ಲ, ಎರಡು ಅಂಗಾಲು. ಉಳಿದದ್ದೆಲ್ಲ ಒಂದು ಕಾರಿನ ಅಡಿಯಲ್ಲಿತ್ತು. ಒಂದೇ ದೊಡ್ಡ ಶೆಡ್ಡು, ನಟ್ಟನಡುವೆ ನೆಲದಿಂದ ಮಾಡಿನವರೆಗೆ ತಗಡಿನ ಗೋಡೆ, ಎರಡು ಬಾಗಿಲು, ಎರಡು ಬೋರ್ಡು. ಸ್ಕೂಟರಿನ ಬ್ರೇಕು ತೋರಿಸಲು ಹೋದ ಹೊಸಬರು ಎಡಬಾಗಿಲಿನ ಬದಲು ಬಲಬಾಗಿಲಿಗೆ ಹೋದರೆ ಅದು ಅವರ ತಪ್ಪಲ್ಲ. ಪಕ್ಕದ ಅಂಗಡಿಯವರು ಎಷ್ಟು ಹೊತ್ತಿಗೆ ಬರುತ್ತಾರೆಂದು ನಾನು ಕೇಳಿದ್ದಕ್ಕೆ ಅಂಗಾಲುಗಳು ಅಲುಗದೆ ಉತ್ತರ ಕೊಟ್ಟವು.

"ಪಕ್ಕದಲ್ಲಿ ಅಂಗಡಿ ಇದೆಯಾ? ನಾನು ನೋಡೇ ಇಲ್ಲವಲ್ಲ."

ತಗಡಿನ ಆಚೆಯಿಂದ ಇನ್ನೊಂದು ದನಿ ತಡಮಾಡದೆ ಬಂತು. "ಯಾರೋ ಗಿರಾಕಿ ದಾರಿ ತಪ್ಪಿದ ಹಾಗಿದೆ. ಪಾಪ, ಜೀವದ ಮೇಲೆ ಆಸೆ ಇದ್ರೆ ಈ ಕಡೆ ಬರ್ಲಿ."

ಆಚೆಯ ದನಿ ಬೋಲ್ಟಣ್ಣನ ಹೆಂಡತಿಯ ತಮ್ಮನದು. ಹನ್ನೊಂದು ವರ್ಷಗಳಿಂದ ಭಾವನೂ ಭಾವಮೈದುನನೂ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಾತನ್ನು ಹೀಗೆ ಗಾಳಿಗೆ ಬಿಡುತ್ತಿದ್ದರು; ಅದು ತಾಗಬೇಕಾದ ಕಡೆ ತಾಗುತ್ತಿತ್ತು. ತೀರ ಅಗತ್ಯದ ಸಂಗತಿಗಳಿಗೆ ಬೋಲ್ಟಣ್ಣನ ಹೆಂಡತಿಯೇ ಅಂಚೆಯವಳು. ಗಂಡ ಒಂದು ಮಾರುದ್ದ ಬೈದು ಏಣಿ ಕೇಳಿ ಕಳಿಸಿದರೆ ಅವಳು ಬೈಗಳನ್ನೆಲ್ಲ ದಾರಿಯಲ್ಲೇ ಚೆಲ್ಲಿ, ತಮ್ಮನ ಬಾಗಿಲಲ್ಲಿ ನಿಂತು, ಏಣಿ ಬೇಕಂತೆ ಎನ್ನುತ್ತಿದ್ದಳು. ಆ ಕಡೆಯಿಂದಲೂ ಅಷ್ಟೇ. ಅವಳ ದೆಸೆಯಿಂದ ಎರಡು ಮನೆಗಳ ಒಲೆ ಉರಿಯುತ್ತಿತ್ತು, ಮನೆಗಳು ಉರಿಯುತ್ತಿರಲಿಲ್ಲ.

ಅಂಗಡಿಯನ್ನು ಕಟ್ಟಿದವರು ಅವಳ ತಂದೆ. ಮಗನಿಗೂ ಅಳಿಯನಿಗೂ ಕೆಲಸ ಕಲಿಸಿದವರು ಅವರೇ. ಅವರದೊಂದು ಹಟವಿತ್ತು: ಬೋಲ್ಟನ್ನು ಬಿಗಿಯುವಾಗ ನೋಡಕೂಡದು. ಕಾರಿನ ಅಡಿಗೆ ಕೈ ತೂರಿಸಿ, ಬೆರಳಿನಿಂದಲೇ ತಲೆ ಹುಡುಕಿ, ಮಣಿಕಟ್ಟಿಗೆ ಸಾಕೆನ್ನಿಸುವವರೆಗೆ ತಿರುಗಿಸಬೇಕು. ಬೋಲ್ಟು ಬಿಗಿಯಲು ದೀಪ ಬೇಕಾದವನು ದೀಪದ ಅಂಗಡಿ ಇಟ್ಟುಕೊಳ್ಳಲಿ ಎಂದು ಗಿರಾಕಿಗಳ ಮುಂದೆಯೇ ಹಂಗಿಸುತ್ತಿದ್ದರು. ಅಳಿಯ ಆ ವಿದ್ಯೆಯನ್ನು ಮಗನಿಗಿಂತ ಚೆನ್ನಾಗಿ ಕಲಿತ. ಮಗನಿಗೆ ಅದು ಆಗಲೇ ಸಣ್ಣ ಮುಳ್ಳಾಗಿ ಚುಚ್ಚುತ್ತಿತ್ತು.

ಮಾವನ ಬಳಿ ಒಂದು ಹಳೆಯ ಕಾರಿತ್ತು. ಕಡು ಹಸಿರು ಬಣ್ಣ, ದುಂಡು ಬೆನ್ನು, ತೆಳ್ಳಗಿನ ದೊಡ್ಡ ಸ್ಟೀರಿಂಗ್ ಚಕ್ರ. ಆ ಮಾದರಿ ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಅದರ ಸ್ಟೀರಿಂಗ್ ಕಪ್ಲರು ಹರಿದಾಗ ಹೊಸದನ್ನು ಹಾಕಿದವನು ಬೋಲ್ಟಣ್ಣ. ಕಪ್ಲರು ಎಂದರೆ ದೊಡ್ಡ ವಸ್ತುವೇನಲ್ಲ, ಅಂಗೈಯಗಲದ ದಪ್ಪ ರಬ್ಬರ್ ಬಿಲ್ಲೆ. ಮೇಲೆ ಸ್ಟೀರಿಂಗ್ ಚಕ್ರದಿಂದ ಇಳಿದ ಸರಳು, ಕೆಳಗೆ ಗಾಲಿಗಳನ್ನು ತಿರುಗಿಸುವ ಪೆಟ್ಟಿಗೆಯಿಂದ ಎದ್ದ ಸರಳು. ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವುದು ಇದರ ಕೆಲಸ. ಕೆಳಗಿನ ಸರಳಿನ ತುದಿಯಲ್ಲಿ ಸಣ್ಣ ಹಲ್ಲುಗಳು, ಹಲ್ಲುಗಳಿಗೆ ಅಡ್ಡಲಾಗಿ ಕೊರೆದ ಒಂದು ಕಚ್ಚು. ಬಿಲ್ಲೆಗೆ ಸೇರಿದ, ಸರಳನ್ನು ತಬ್ಬುವ ಕಬ್ಬಿಣದ ಹಿಡಿಯನ್ನು ಆ ಹಲ್ಲುಗಳ ಮೇಲೆ ಪೂರ್ತಿ ಇಳಿಸಿ, ಹಿಡಿಯ ರಂಧ್ರದಿಂದ ಕಚ್ಚಿನ ಮೂಲಕ ಬೋಲ್ಟು ತೂರಿಸಿ ಬಿಗಿದರೆ ಆಮೇಲೆ ಅದು ಜಾರುವ ಮಾತೇ ಇಲ್ಲ.

ಕಪ್ಲರು ಹಾಕಿದ ಮರುದಿನ ಮಗ ಕಾರು ಓಡಿಸಿದ, ತಂದೆ ಪಕ್ಕದಲ್ಲಿ ಕುಳಿತರು. ನೀರಿನ ಟ್ಯಾಂಕಿನ ತಿರುವಿನಲ್ಲಿ ಸ್ಟೀರಿಂಗ್ ಚಕ್ರ ಮಗನ ಕೈಯಲ್ಲಿ ಬರಿದೇ ತಿರುಗಿತು, ಕಾರು ನೇರವಾಗಿ ಹೋಗಿ ಕಾಂಪೌಂಡಿಗೆ ಗುದ್ದಿತು. ತಂದೆಯ ಮೊಣಕಾಲು ಚೂರಾಯಿತು. ಆಸ್ಪತ್ರೆಯ ಜಗಲಿಯಲ್ಲಿ, ನಂಟರಿಷ್ಟರೆಲ್ಲ ಸೇರಿದ್ದಾಗ, ಮಗ ಭಾವನತ್ತ ಬೆರಳು ತೋರಿಸಿ, ಬೋಲ್ಟು ಬಿಗಿಯುವುದನ್ನೇ ಮರೆತ ಪುಣ್ಯಾತ್ಮ ಇವನು, ಬೋಲ್ಟಣ್ಣ ಎಂದ. ಹೆಸರು ಅಂದೇ ಅಂಟಿತು. ಆಮೇಲೆ ಬಂದ ಗಿರಾಕಿಗಳಿಗೆ ಅದರ ಮೂಲ ತಿಳಿಯದು. ಹೊಗಳಿಕೆಯೆಂದುಕೊಂಡು ಬಾಯ್ತುಂಬ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನ ದವಡೆ ಗಟ್ಟಿಯಾಗುತ್ತಿತ್ತು.

ಅವನೂ ಸುಮ್ಮನಿರಲಿಲ್ಲ. ತನ್ನ ಕೈ ಬಿಗಿದದ್ದು ತನಗೆ ನೆನಪಿದೆ, ಆ ಮಹಾರಾಯ ಕುಡಿದು ಓಡಿಸಿ ಗುದ್ದಿ, ಗುದ್ದಿದ ಏಟಿಗೆ ಸ್ಟೀರಿಂಗು ಕಳಚಿದ್ದಕ್ಕೆ ಈಗ ಬೋಲ್ಟಿನ ಕಥೆ ಕಟ್ಟುತ್ತಿದ್ದಾನೆ ಎಂದು ಬೀದಿಯ ಎರಡೂ ತುದಿಗಳಿಗೆ ಸಾರಿಕೊಂಡು ಬಂದ. ಭಾವಮೈದುನ ಕುಡಿದದ್ದನ್ನು ಅವನು ಕಂಡಿರಲಿಲ್ಲ. ಆದರೆ ಹೇಳುತ್ತ ಹೇಳುತ್ತ ಕಂಡಂತೆಯೇ ಆಗಿಬಿಟ್ಟಿತ್ತು.

ಕಾರನ್ನು ಬಿಚ್ಚಿ ನೋಡಿದ್ದರೆ ವ್ಯಾಜ್ಯ ಒಂದೇ ಗಂಟೆಯಲ್ಲಿ ತೀರುತ್ತಿತ್ತು. ಮಾವ ಬಿಡಲಿಲ್ಲ. ತಾನು ಇರುವಷ್ಟು ದಿನ ಯಾರೂ ಅದನ್ನು ಬಿಚ್ಚಕೂಡದೆಂದು ಹಾಸಿಗೆಯಿಂದಲೇ ಅಪ್ಪಣೆ ಮಾಡಿದರು. ಬಿಚ್ಚಿದರೆ ಒಂದೋ ಮಗ ಹೋಗುತ್ತಾನೆ, ಇಲ್ಲವೇ ಅಳಿಯ. ಇಬ್ಬರಲ್ಲಿ ಯಾರು ಎಂಬುದು ಅವರಿಗೆ ಬೇಡವಾಗಿತ್ತು. ಗಾಲಿಗಳನ್ನು ಕಾಲಿನಿಂದ ಒದ್ದು ತಿರುಗಿಸುತ್ತ ಕಾರನ್ನು ಶೆಡ್ಡಿನ ಹಿಂಭಾಗಕ್ಕೆ ತಳ್ಳಿ, ಟಾರ್ಪಾಲು ಹೊದಿಸಿದರು. ನಡುವೆ ತಗಡು ಎದ್ದಿತು. ಮಾವ ಎಂಟು ವರ್ಷ ಕೋಲೂರಿ ನಡೆದು ತೀರಿಕೊಂಡರು.

ಇನ್ನೂ ಮೂರು ವರ್ಷ ಕಳೆದ ಮೇಲೆ ಅತ್ತೆ ಎದ್ದರು. ಹಳೆಯ ಕಾರುಗಳ ಬಿಡಿಭಾಗ ಮಾರುವವನೊಬ್ಬನನ್ನು ಎಲ್ಲಿಂದಲೋ ಹುಡುಕಿ ಹೊಸ ಕಪ್ಲರನ್ನು ಅಂಚೆಯಲ್ಲಿ ತರಿಸಿದರು. ಕಾರು ಓಡಬೇಕು, ತಾನು ಕಣ್ಣು ಮುಚ್ಚುವ ಮೊದಲು ಅದರೊಳಗೆ ಏನಿದೆಯೆಂದು ತಿಳಿಯಬೇಕು ಎಂದರು. ಎಂಜಿನ್ನು, ಬ್ರೇಕು, ಬ್ಯಾಟರಿ ಎಲ್ಲವನ್ನೂ ಇಬ್ಬರೂ ಸರದಿಯ ಮೇಲೆ, ಒಬ್ಬ ಇಲ್ಲದಾಗ ಇನ್ನೊಬ್ಬ ಬಂದು, ಸರಿಮಾಡಿದರು. ಸ್ಟೀರಿಂಗನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಿದವನು ಸಾಕ್ಷಿ ಕೆಡಿಸಿದನೆಂಬ ಮಾತು ಹುಟ್ಟುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಕಾರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಪ್ಲರಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಭಾವಮೈದುನ ಚಾಲಕನ ಸೀಟಿನಲ್ಲಿ ಹೊಟ್ಟೆಯನ್ನು ಹೇಗೋ ತುರುಕಿ ಸ್ಟೀರಿಂಗ್ ಚಕ್ರ ಹಿಡಿದ.

"ಕೆಳಗೆ ಹೋಗೋರು ಹೋಗ್ಲಿ," ಎಂದು ಗಾಜಿಗೆ ಹೇಳಿದ. "ಅವರ ಕೈಕೆಲಸ ಅವರೇ ನೋಡ್ಕೊಳ್ಳಲಿ."

ಬೋಲ್ಟಣ್ಣ ಅಡಿಗೆ ಸರಿದ. ಹನ್ನೊಂದು ವರ್ಷಗಳಿಂದ ಹೊತ್ತ ಹೆಸರು ಇನ್ನು ಒಂದು ಗೇಣು ದೂರದಲ್ಲಿತ್ತು. ದೀಪ ಪಕ್ಕದಲ್ಲೇ ಇದ್ದರೂ ಅದನ್ನು ಮುಟ್ಟದೆ, ಮಾವ ಕಲಿಸಿದಂತೆ ಕೈಯನ್ನಷ್ಟೇ ತೂರಿಸಿದ. ಬೆರಳಿಗೆ ಬೋಲ್ಟಿನ ತಲೆ ಸಿಕ್ಕಿತು. ಸ್ಪ್ಯಾನರು ಹಾಕಿ ಎಳೆದ, ಕದಲಲಿಲ್ಲ. ಎಣ್ಣೆ ಬಿಟ್ಟ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದ, ಆಗಲೂ ಕದಲಲಿಲ್ಲ.

"ಅತ್ತೇ, ಬೋಲ್ಟು ಇದೆ. ಬಿಗಿಯಾಗೇ ಇದೆ. ಪೈಪ್ ಹಾಕಿದ್ರೂ ಬರ್ತಿಲ್ಲ."

ಅತ್ತೆ ಮಗನತ್ತ ತಿರುಗಿ, "ಕೇಳಿಸ್ತೇನೋ?" ಎಂದರು.

"ಕೇಳಿಸ್ತು," ಎಂದ ಮಗ. ಸ್ಟೀರಿಂಗ್ ಚಕ್ರದಿಂದ ಕೈ ತೆಗೆದು, "ಹಾಗಾದ್ರೆ ಅಪ್ಪನ ಕಾಲು ಮುರಿದೋನು ನಾನೇ ಅಂತಾಯ್ತು" ಎಂದ. ಆ ದನಿಯಲ್ಲಿ ಚುಚ್ಚು ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಬಿಲ್ಲೆಯನ್ನು ಹೊರಗೆ ತೆಗೆಯುವ ದಾರಿ ನೋಡಲೆಂದು ಬೋಲ್ಟಣ್ಣ ಆಗ ದೀಪವನ್ನು ಎಳೆದುಕೊಂಡ. ನೋಡಿದ. ಇನ್ನೊಮ್ಮೆ ನೋಡಿದ.

ಹಿಡಿ ಸರಳಿನ ಮೇಲಿರಲಿಲ್ಲ, ಪಕ್ಕಕ್ಕೆ ಜಾರಿ ನಿಂತಿತ್ತು. ಬೋಲ್ಟು ಬಿಗಿಯಾಗಿದ್ದದ್ದು ನಿಜ, ಆದರೆ ಅದು ಬರೀ ಹಿಡಿಯನ್ನೇ ಬಿಗಿದುಕೊಂಡಿತ್ತು. ಸರಳಿನ ಹಲ್ಲುಗಳು ತುದಿಯಲ್ಲಿ ಮಾತ್ರ, ಉಗುರಿನಗಲ, ಸವೆದಿದ್ದವು. ಅದರ ಕೆಳಗಿನ ಕಚ್ಚಿನಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ತುಂಬಿ, ಒಂದು ಗೆರೆಯೂ ಬೀಳದೆ ಹಾಗೇ ಕುಳಿತಿತ್ತು. ಬೋಲ್ಟು ಆ ಕಚ್ಚಿನೊಳಗೆ ಒಂದು ದಿನವೂ ಇದ್ದಿರಲಿಲ್ಲ. ಅಂದು ಹಿಡಿ ಪೂರ್ತಿ ಇಳಿಯುವ ಮೊದಲೇ ಅವನು ಬೋಲ್ಟು ತೂರಿಸಿದ್ದ, ಬೆರಳಿಗೆ ತಲೆ ಸಿಕ್ಕಿತ್ತು, ಮಣಿಕಟ್ಟು ಸಾಕೆಂದಿತ್ತು. ದೀಪ ಹಿಡಿದು ಒಂದು ಕ್ಷಣ ನೋಡಿದ್ದರೆ ಕಾಣುತ್ತಿತ್ತು.

ಕೆಳಗಿದ್ದವನಿಗಲ್ಲದೆ ಇದು ಇನ್ನು ಯಾರಿಗೂ ಕಾಣುವಂತಿರಲಿಲ್ಲ. ಹಳೆಯದನ್ನು ಕಿತ್ತು, ಗ್ರೀಸು ಒರೆಸಿ, ಹೊಸದನ್ನು ಕೂರಿಸಿದರೆ ಮುಗಿಯಿತು, ಗೆದ್ದಾಗಿತ್ತು. ಬಟ್ಟೆಯ ಚೂರು ಅವನ ಕೈಯಲ್ಲೇ ಇತ್ತು. ಅದನ್ನು ಕಚ್ಚಿನವರೆಗೂ ಒಯ್ದ. ತಲೆಯ ಮೇಲೆ, ಸೀಟಿನಲ್ಲಿ, ಭಾವಮೈದುನ ನಿಡಿದಾಗಿ ಉಸಿರು ಬಿಡುವುದು ಕೇಳಿಸುತ್ತಿತ್ತು. ಕೈ ಅಲ್ಲೇ ನಿಂತಿತು. ಅತ್ತೆ ಎರಡು ಸಲ, ಅಳಿಯಂದಿರೇ, ಏನಾಯ್ತು ಎಂದು ಕೇಳಿದ್ದರು.

"ಕೆಳಗೆ ಬಾ," ಎಂದ ಕೊನೆಗೆ. "ನೀನೇ ಬಂದು ನೋಡು."

ಭಾವಮೈದುನ ಗೊಣಗುತ್ತ, ಅಂಗಿ ಹರಿದುಕೊಳ್ಳುತ್ತ, ಅಡಿಗೆ ತೂರಿ ಬಂದ. ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಅಂಗಾತ ಮಲಗಿದರು. ಬೋಲ್ಟಣ್ಣ ದೀಪ ಹಿಡಿದು ಬೆರಳಿನಿಂದ ಕಚ್ಚನ್ನು ತೋರಿಸಿದ. ಕೆಲಸ ಬಲ್ಲವನಿಗೆ ಅಷ್ಟು ಸಾಕಾಯಿತು.

"ತಪ್ಪು ನನ್ನದೇ," ಎಂದ ಬೋಲ್ಟಣ್ಣ. "ನಿನ್ನ ಮೇಲೆ ಹೇಳಿದ್ದೆಲ್ಲಾ ಸುಳ್ಳು. ಮನಸ್ಸಿನಲ್ಲಿ ಇಟ್ಕೋಬೇಡ."

"ಕುಡುಕ ಅಂದ್ರಿ," ಎಂದ ಭಾವಮೈದುನ ಕಾರಿನ ಹೊಟ್ಟೆಯನ್ನು ನೋಡುತ್ತ. "ನನಗೆ ಹೆಣ್ಣು ಕೊಡೋಕೆ ಬಂದವರು ಬಾಗಿಲಿಂದ ವಾಪಸ್ ಹೋದ್ರು, ಭಾವ. ಎರಡು ಸಲ. ನಿಮ್ಮ ಕ್ಷಮಾಪಣೆ ನಿಮ್ಮ ಹತ್ರಾನೇ ಇರ್ಲಿ. ಹೊಸದನ್ನ ಹಾಕಿ, ನಾನು ದೀಪ ಹಿಡೀತೀನಿ. ಈ ಸಲ ಕಣ್ಣು ಬಿಟ್ಕೊಂಡು."

ಗಾಲಿಗಳನ್ನು ನೇರ ಮಾಡಿದರು, ಸ್ಟೀರಿಂಗ್ ಚಕ್ರವನ್ನು ನೇರ ನಿಲ್ಲಿಸಿ ಹಗ್ಗ ಕಟ್ಟಿದರು. ಹಿಡಿ ಹಲ್ಲುಗಳ ಮೇಲೆ ಪೂರ್ತಿ ಇಳಿಯುವವರೆಗೆ ಬೋಲ್ಟಣ್ಣ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಕಚ್ಚು ರಂಧ್ರದಲ್ಲಿ ಕಂಡ ಮೇಲೆ ಬೋಲ್ಟು ತೂರಿಸಿದ. ಭಾವಮೈದುನ ಮೂರು ಕಡೆಯಿಂದ ದೀಪ ಹಿಡಿದು ನೋಡಿದ, ತಾನೂ ಸ್ಪ್ಯಾನರು ಹಾಕಿ ಎಳೆದ, ಹೊರಗೆ ಸರಿದ. ಸೀಟಿಗೆ ಹೋಗಿ ಹಾರ್ನು ಒತ್ತಿದರೆ ಸದ್ದೇ ಇಲ್ಲ.

"ಹಾರ್ನಿನ ತಂತಿ ಯಾರ ತಾತ ಕಟ್ತಾನೆ?" ಎಂಬ ಮಾತು ಮೇಲಿನಿಂದ ಬಿತ್ತು.

ರಬ್ಬರಿನಲ್ಲಿ ಕರೆಂಟು ಹರಿಯದು. ಬಿಲ್ಲೆಯ ಈ ಬದಿಯಿಂದ ಆ ಬದಿಗೆ ಒಂದು ತಾಮ್ರದ ಹೆಣೆದ ತಂತಿ ಕಟ್ಟಬೇಕು. ಬೋಲ್ಟಣ್ಣ ಅದನ್ನು ಕಿಸೆಯಲ್ಲೇ ಬಿಟ್ಟಿದ್ದ. ಕಟ್ಟಿದ. ಹಾರ್ನು ಕೂಗಿಕೊಂಡಿತು. ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ಕೆಳಗೆ ನಡೆದ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ಎಂಟು ವರ್ಷ ಆ ಕೋಲಿನ ಸದ್ದು ಕೇಳಿದ್ದೀನಿ," ಎಂದರು ಅಳಿಯನಿಗೆ. ನೀವು ತಾವು ಎನ್ನುವ ಮರ್ಯಾದೆ ತಪ್ಪಲಿಲ್ಲ. "ಅವನು ಓಡಿಸ್ತಾನೆ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ, ಅವರು ಕೂತಿದ್ದ ಜಾಗದಲ್ಲಿ. ಟ್ಯಾಂಕಿನ ತಿರುವು ಸುತ್ತಿ ಬನ್ನಿ."

ಮಾವನ ಸೀಟು ಒಂದು ಬದಿಗೆ ಕುಸಿದಿತ್ತು. ಭಾವಮೈದುನ ಬೀದಿಯುದ್ದಕ್ಕೂ ನಿಧಾನವಾಗಿಯೇ ಹೋದ. ಟ್ಯಾಂಕು ಕಾಣುತ್ತಲೇ ಆಕ್ಸಿಲರೇಟರು ತುಳಿದ. ಕಾಂಪೌಂಡಿನ ಗೋಡೆಯಲ್ಲಿ ತೇಪೆ ಹಾಕಿದ ಇಟ್ಟಿಗೆಗಳು ಬೇರೆಯಾಗಿ ಕಾಣುತ್ತಿದ್ದವು, ಅವು ದೊಡ್ಡದಾಗುತ್ತ ಬಂದವು. ಬೋಲ್ಟಣ್ಣನ ಎರಡೂ ಕೈಗಳು ತಮ್ಮಷ್ಟಕ್ಕೆ ತಾವೇ ಮೊಣಕಾಲುಗಳನ್ನು ಮುಚ್ಚಿಕೊಂಡವು. ಭಾವಮೈದುನ ಅದನ್ನು ಓರೆಗಣ್ಣಿನಿಂದ ನೋಡಿದ. ಆಮೇಲೆ ಚಕ್ರ ತಿರುಗಿಸಿದ. ಕಾರು ತಿರುಗಿತು.

ತಗಡಿನ ಗೋಡೆ ಇಂದಿಗೂ ಅಲ್ಲೇ ಇದೆ. ಹೆಂಡತಿ ಇಂದಿಗೂ ಅಂಚೆಯವಳೇ, ಬೈಗಳ ಹೊರೆ ಸ್ವಲ್ಪ ಹಗುರಾಗಿದೆಯಂತೆ. ಕುಡಿತದ ಮಾತು ಸುಳ್ಳೆಂದು ಬೋಲ್ಟಣ್ಣ ಬೀದಿಯ ಎರಡೂ ತುದಿಗಳಿಗೆ ಹೋಗಿ ಹೇಳಿ ಬಂದ. ಹಳೆಯ ಸುಳ್ಳನ್ನು ನಂಬಿದಷ್ಟು ಬೇಗ ಜನ ಇದನ್ನು ನಂಬಲಿಲ್ಲ.

ಈಗ ಅವನು ದೀಪವಿಲ್ಲದೆ ಕೆಲಸ ಮಾಡುವುದಿಲ್ಲ. ಸ್ಟೀರಿಂಗಿನ ಕೆಲಸ ಬಂದರೆ, ಮುಗಿಸಿದ ಮೇಲೆ ಕಾರನ್ನು ಜಾಕಿನಿಂದ ಇಳಿಸದೆ, ಸ್ಪ್ಯಾನರಿನಿಂದ ತಗಡಿಗೆ ಎರಡು ಸಲ ಬಡಿಯುತ್ತಾನೆ. ಭಾವಮೈದುನ ಅವಸರವಿಲ್ಲದೆ ಬಂದು, ಅಡಿಗೆ ತೂರಿ, ನೋಡಿ, ಮಾತಿಲ್ಲದೆ ಹೊರಟುಹೋಗುತ್ತಾನೆ. ಮಾತಿಲ್ಲವೆಂದರೆ ಸರಿಯಿದೆ ಎಂದರ್ಥ. ಹೋದ ವಾರ ಮಾತ್ರ ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತ, "ಬಿಚ್ಚಿ ಇನ್ನೊಂದ್ಸಲ ಹಾಕಿ, ಭಾವ" ಎಂದ. ಬೋಲ್ಟಣ್ಣ ಎಲ್ಲವನ್ನೂ ಬಿಚ್ಚಿದ. ಯಾವ ತಪ್ಪೂ ಸಿಗಲಿಲ್ಲ. ಕಚ್ಚನ್ನು ಒರೆಸಿ, ದೀಪ ಹಿಡಿದು ನೋಡಿ, ಮತ್ತೆ ಜೋಡಿಸಿದ. ಆಮೇಲೆ ಎದ್ದು ಹೋಗಿ ತಗಡಿಗೆ ಎರಡು ಸಲ ಬಡಿದ.