ಪೆಡಲಿಗೆ ಕಟ್ಟಿದ ನಡಿಗೆ

ಗಾಜಿಪುರದ ಶೇವಂತಾಳ ಕಾಲಿಗೆ ಬಿಡುವಿಲ್ಲ, ಆದರೆ ನಡಿಗೆಯೂ ಇಲ್ಲ. ಇಪ್ಪತ್ತಾರು ವರ್ಷಗಳಿಂದ ಮನೆಯ ಹೊರಕೋಣೆಯಲ್ಲಿ ಕೂತು ಹೊಲಿಗೆ ಮಷೀನು ತುಳಿಯುತ್ತ ಓಣಿಯ ಅರ್ಧ ಹೆಂಗಸರಿಗೆ ಜಂಪರು ಹೊಲಿದುಕೊಟ್ಟವಳು. ಯಾರಾದರೂ ದಪ್ಪಗಾದರೆ ಬಾಯಿಬಿಟ್ಟು ಹೇಳುವವಳಲ್ಲ, ಸುಮ್ಮನೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಾಳೆ. ಇಂಥ ಒಳ್ಳೆಯತನವೇ ಒಮ್ಮೊಮ್ಮೆ ಮನುಷ್ಯರನ್ನು ಕೆಡಿಸುತ್ತದೆ.

ಹೋದ ವರ್ಷ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಕಮಲಾಪುರದಲ್ಲಿರುವ ತಂಗಿ ಸೂಗಮ್ಮನಿಗೆ ಅದು ಮೊದಲೇ ಇತ್ತು. ಇಬ್ಬರಿಗೂ ಡಾಕ್ಟರು ನಡೆಯಲು ಹೇಳಿದ್ದರಿಂದ ಶೇವಂತಾಳ ಮಗಳು ಶೀಲಾ ಇಬ್ಬರ ಫೋನಿಗೂ ಒಂದು ಆ್ಯಪ್ ಹಾಕಿಕೊಟ್ಟಳು. ಅದು ಹೆಜ್ಜೆ ಎಣಿಸುತ್ತದೆ. ದಿನಕ್ಕೆ ಎಂಟು ಸಾವಿರ ಮುಟ್ಟಿದರೆ ಹಸಿರು ಗುರುತು ಬೀಳುತ್ತದೆ. ಅಕ್ಕನ ಲೆಕ್ಕ ತಂಗಿಗೆ ಕಾಣುತ್ತದೆ, ತಂಗಿಯದು ಅಕ್ಕನಿಗೆ.

ಒಂದು ವಾರ ಶೇವಂತಾ ನಿಯತ್ತಾಗಿ ನಡೆದಳು. ಅಷ್ಟರಲ್ಲಿ ಮದುವೆಗಳ ಕಾಲ ಶುರುವಾಗಿ ಜಂಪರುಗಳ ರಾಶಿ ಬಿತ್ತು. ಒಂದು ಮಧ್ಯಾಹ್ನ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಎರಡು ತೋಳು ಹೊಲಿದು ನೋಡುತ್ತಾಳೆ, ಕೂತಲ್ಲೇ ಮುನ್ನೂರು ಹೆಜ್ಜೆ ಏರಿದೆ! ಮರುದಿನ ಅಸ್ತರಿನ ಚಿಂದಿಯಿಂದ ಫೋನನ್ನು ಪೆಡಲಿಗೇ ಕಟ್ಟಿದಳು. ಸಂಜೆಗೆ ಹನ್ನೊಂದು ಸಾವಿರ. ಆಡಿದ್ದು ತನ್ನ ಕಾಲೇ ತಾನೆ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು.

ಅವತ್ತೇ ತಂಗಿಯ ಫೋನು ಬಂತು. "ಯಕ್ಕಾ, ಹನ್ನೊಂದ ಸಾವಿರ! ಕುದರಿ ಆಗಿ ನೋಡು ನೀ. ನಾನೂ ಬಿಡಂಗಿಲ್ಲ."

ಆಗಲೇ ಹೇಳಿ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಶೇವಂತಾ ನಕ್ಕಳು, ಹೇಳಲಿಲ್ಲ. ಹೀಗೆ ಎರಡೂವರೆ ತಿಂಗಳು ಪೆಡಲು ನಡೆಯಿತು. ಹಸಿರು ಗುರುತು ಬಿದ್ದಾಗಲೆಲ್ಲ ನಾಳೆಯಿಂದ ನಡೆದೇಬಿಡುತ್ತೇನೆ ಅಂದುಕೊಳ್ಳುತ್ತಿದ್ದಳು, ಆದರೂ ಬೆಳಗಾದರೆ ಚಿಂದಿ ಹುಡುಕುತ್ತಿದ್ದಳು.

ಆಮೇಲೊಮ್ಮೆ ಮೂರು ದಿನ ತಂಗಿಯ ಲೆಕ್ಕ ಸೊನ್ನೆಯಲ್ಲೇ ನಿಂತಿತು. ಫೋನು ಮಾಡಿದರೆ ಕಾಲಿಗೆ ಸ್ವಲ್ಪ ಗಾಯ ಎಂದಳು. ಶೇವಂತಾ ಮುಂಜಾನೆಯ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದಳು.

ಸೂಗಮ್ಮ ಹೊರಸಿನ ಮೇಲೆ ಮಲಗಿದ್ದಳು, ಬಲಗಾಲಿಗೆ ಪಟ್ಟಿ. ಚಪ್ಪಲಿ ಕಚ್ಚಿ ಗುಳ್ಳೆ ಎದ್ದಿತ್ತು. ಸಕ್ಕರೆಯಿಂದ ಪಾದ ಜೋಮು ಹಿಡಿದಿದ್ದರಿಂದ ಅದು ಒಡೆದು ಕೀವಾದರೂ ಅವಳಿಗೆ ನೋವು ತಿಳಿದಿರಲಿಲ್ಲ. ಮಾಯದಿದ್ದರೆ ಹೆಬ್ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು.

"ಸಾಕು ಅಂದ್ರ ಕೇಳಂಗಿಲ್ಲರೀ ಅಕ್ಕಾರ," ಎಂದ ಅವಳ ಗಂಡ ದತ್ತಪ್ಪ. "ನಿಮ್ಮ ನಂಬರ್ ನೋಡಾಕಿ, ಮತ್ತೊಂದ ಸುತ್ತ ಹೋಗಾಕಿ." ಹೇಳಿ ಚಹಾಕ್ಕೆ ಹಾಲು ತರಲು ಹೋದ.

ಶೇವಂತಾಳಿಗೆ ಕೂತ ನೆಲವೇ ಸುಟ್ಟಂತಾಯಿತು. ತಂಗಿಗೆ ಅದೇನೂ ತಿಳಿಯಲಿಲ್ಲ. ದಿಂಬಿನಡಿಯಿಂದ ಫೋನು ತೆಗೆದು ಅಕ್ಕನ ಕೈಗಿಟ್ಟಳು.

"ನಂದು ಮಾಯೋ ತನಕ ಇದನ್ನೂ ನೀ ಒಯ್ಯಿ ಯಕ್ಕಾ. ಎರಡೂ ಹಿಡಕೊಂಡು ನಡಿ. ನೀ ನಡದ್ರ ನಾ ನಡದಂಗ."

ಆ ಫೋನು ಹಿಡಿದುಕೊಂಡು ಸುಮ್ಮನಿರುವುದು ಶೇವಂತಾಳಿಂದ ಆಗಲಿಲ್ಲ.

"ಸೂಗೀ, ನಾ ನಡದಿಲ್ಲ. ಫೋನ್ ಮಷೀನಿನ ಪೆಡಲಿಗೆ ಕಟ್ಟಿದ್ದೆ."

ಚೇಷ್ಟೆಯೆಂದು ಸೂಗಮ್ಮ ನಕ್ಕಳು. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು. "ಎಲ್ಲಾ ದಿನಾನೂ?"

"ಮೊದಲನೇ ವಾರ ಬಿಟ್ಟು ಎಲ್ಲಾ ದಿನಾನೂ."

ಬೈದಿದ್ದರೆ ಚೆನ್ನಾಗಿತ್ತು. ಸೂಗಮ್ಮ ಬೈಯಲಿಲ್ಲ.

"ಹುಮನಾಬಾದ್ ರೋಡಿಗೆ ನಾ ಒಬ್ಬಾಕೀನೇ ಹೋಗ್ತಿದ್ದೆ," ಎಂದಳು, ತನ್ನೊಳಗೇ ಎಂಬಂತೆ. "ಅಕ್ಕನೂ ಈಗ ಅಲ್ಲಿ ನಡೀತಿರ್ತಾಳ ಅಂತ ನಿನ್ನ ಜೋಡಿ ಮಾತಾಡ್ಕೋತ ಹೋಗ್ತಿದ್ದೆ. ಹಂಗಾರ ಇಷ್ಟ ದಿನ ನಾ ಯಾರ ಜೋಡಿ ನಡದೆ, ಯಕ್ಕಾ?"

ಶೇವಂತಾ ಪಟ್ಟಿ ಕಟ್ಟಿದ ಪಾದದತ್ತ ಕೈ ಚಾಚಿದಳು. ಸೂಗಮ್ಮ ಮೆಲ್ಲಗೆ ಕಾಲನ್ನು ಹೊದ್ದ ಕೌದಿಯೊಳಗೆ ಎಳೆದುಕೊಂಡಳು.