ವರದಣ್ಣನ ನಡಿಗೆ

ವರದಣ್ಣ ಮಜ್ಜಿಗೆಯ ಜಗ್ ಹಿಡಿದು ಬಂದರೆ ಲೋಟವನ್ನು ಎಲೆಯ ಪಕ್ಕದಲ್ಲಿಟ್ಟು ಕೂರುವಂತಿರಲಿಲ್ಲ. ಅದನ್ನು ಕೈಗೆತ್ತಿಕೊಂಡು, ನಡುಗುವ ಜಗ್ಗಿನ ಮೂತಿ ಎತ್ತ ಹೋಗುತ್ತದೋ ಅತ್ತ ಹಿಡಿಯಬೇಕು. ತ್ರಿಪ್ಲಿಕೇನಿನ ಆ ಮೆಸ್ಸಿನ ಹಳಬರಿಗೆಲ್ಲ ಇದು ರೂಢಿಯಾಗಿತ್ತು. ಮಾತಾಡುತ್ತಲೇ, ಮೇಲೆ ನೋಡದೆಯೇ, ಲೋಟವನ್ನು ಧಾರೆಯ ಕೆಳಗೆ ಹಿಡಿಯುತ್ತಿದ್ದರು. ಹೊಸಬರ ಅಂಗಿಯ ಮೇಲೆ ಚೆಲ್ಲಿದರೆ ವರದಣ್ಣ ಕ್ಷಮೆ ಕೇಳುತ್ತಿರಲಿಲ್ಲ. "ಶರ್ಟಿಗೂ ಹಸಿವಿತ್ತೂಂತ ಕಾಣತ್ತೆ ತಂಬಿ" ಎಂದು ಮುಂದಿನ ಎಲೆಗೆ ಹೋಗುತ್ತಿದ್ದರು.

ಮೆಸ್ಸು ನಿಜವಾಗಿ ಅವರ ಹೆಂಡತಿ ಕನಕಕ್ಕನದು. ವರದಣ್ಣ ಪ್ಯಾರೀಸ್ ಕಾರ್ನರಿನ ಹಡಗು ಏಜೆಂಟರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಬಲಗೈಗೆ ನಡುಕ ಹತ್ತಿ, ಒಂದು ಅಕ್ಷರ ಒತ್ತಿದರೆ ಮೂರು ಬೀಳತೊಡಗಿದಾಗ ಕೆಲಸ ಬಿಟ್ಟರು. ಡಾಕ್ಟರು ಪಾರ್ಕಿನ್‌ಸನ್ ಎಂದರು. ಆ ಕೈಯನ್ನು ವರದಣ್ಣ "ಇವನು" ಎಂದೇ ಕರೆಯುತ್ತಿದ್ದರು. "ಇವನು ನನ್ನ ಮಾತು ಕೇಳಲ್ಲ. ಮದುವೆಯಾದ ಮಗ ಇದ್ದ ಹಾಗೆ, ಬೇರೆ ಮನೆ ಮಾಡಿದಾನೆ." ಹಾಸನದ ಕಡೆಯಿಂದ ಅವರ ತಾತ ಬಂದು ನೆಲೆಸಿದ ಊರು ಇದು. ಮನೆಮಾತು ಕನ್ನಡ, ಸಿಟ್ಟು ಬಂದರೆ ತಮಿಳು. ನಾನು ಇಲ್ಲಿನ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ವರದಿಗಾರನಾಗಿ ಸೇರಿ ಪಕ್ಕದ ಲಾಡ್ಜಿನಲ್ಲಿ ಕೋಣೆ ಹಿಡಿದಾಗ, ಕನ್ನಡದವನೆಂದು ತಿಳಿದ ಮೇಲೆ ನನ್ನನ್ನು "ಪೇಪರ್ ತಂಬಿ" ಎನ್ನತೊಡಗಿದರು.

ಕಾಯಿಲೆ ಕಾಲಿಗೂ ಇಳಿಯಿತು. ಬಾಗಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮುಂದೆ ವಾಲಿ, ತಡಬಡಿಸಿ, ನಿಲ್ಲುತ್ತಿದ್ದರು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನೆಲದ ಮೇಲೆ ಗೆರೆಯೊಂದಿದೆ ಎಂದುಕೊಂಡು ಕಾಲನ್ನು ಎತ್ತರಕ್ಕೆ ಎತ್ತಿ ದಾಟುವುದು. ಇಲ್ಲದ ಗೆರೆಯನ್ನು ದಾಟುವ ಆ ನಡಿಗೆಯನ್ನು ನಮ್ಮ ಬೀದಿಯವರೆಲ್ಲ ಬಲ್ಲರು. ಬೀದಿಯ ಆಚೆಯವರಿಗೆ ಗೊತ್ತಿರಲಿಲ್ಲ. ಒಮ್ಮೆ ಬಸ್ಸಿನ ಕಂಡಕ್ಟರು, ಕುಡಿದು ಬಂದಿದ್ದೀಯ ಎಂದು ಮರೀನಾ ಹತ್ತಿರ ಇಳಿಸಿಬಿಟ್ಟ. ಬಿಸಿಲಲ್ಲಿ ಗೆರೆ ದಾಟಿಕೊಂಡು ಮನೆಗೆ ನಡೆದು ಬಂದರು. ಅಂದು ಮಜ್ಜಿಗೆ ಬಡಿಸುವಾಗ ಹಾಸ್ಯ ಮಾಡಲಿಲ್ಲ. "ಬಾಯಿ ಮೂಸಿ ನೋಡಪ್ಪಾ ಅಂದೆ. ಅದಕ್ಕೂ ಅಸಹ್ಯಪಟ್ಟ" ಎಂದರು, ಅಷ್ಟೆ.

ನಮ್ಮ ಲಾಡ್ಜಿನಲ್ಲೇ ದಿವಾಕರ್ ಎಂಬ ಸಹಾಯಕ ನಿರ್ದೇಶಕನಿದ್ದ. ಕನಕಕ್ಕನ ಮೆಸ್ಸಿನಲ್ಲಿ ವರ್ಷಗಟ್ಟಲೆ ಉಂಡವನು. ಅವಳನ್ನು ಅಮ್ಮಾ, ಅವರನ್ನು ಅಪ್ಪಾ ಎನ್ನುತ್ತಿದ್ದ. ಅವನಿಗೆ ಮೊದಲ ಸಿನಿಮಾ ಸಿಕ್ಕಾಗ ಕಥೆ ಇದೇ ಮೆಸ್ಸಿನದೆಂದು ಹೇಳಿ ಇಬ್ಬರ ಕಾಲಿಗೂ ಬಿದ್ದ. ಅಪ್ಪನ ಪಾತ್ರಕ್ಕೆ ಹೆಸರಾಂತ ನಟನೊಬ್ಬನನ್ನು ಕರೆತಂದು ಮೂಲೆಯ ಎಲೆಗೆ ಕೂರಿಸಿದ. ನಟ ಎಷ್ಟೋ ದಿನ ಬಂದ. ಕ್ಯಾಪ್ ಎಳೆದುಕೊಂಡು ವರದಣ್ಣನನ್ನೇ ನೋಡುತ್ತ ಕೂರುತ್ತಿದ್ದ.

ವರದಣ್ಣನಿಗೆ ಅದು ಹಬ್ಬವಾಗಿತ್ತು. ಊಟದ ಹೊತ್ತು ಮುಗಿದ ಮೇಲೆ ಬೆಂಚು ಸರಿಸಿ ನಟನಿಗೆ ಪಾಠ ಹೇಳುತ್ತಿದ್ದರು. "ಬೆರಳು ಬೇಕೂಂತ ಆಡಿಸಬೇಡಿ ಸಾರ್. ಅದು ತಾನಾಗೇ ಆಡತ್ತೆ, ನಾವು ತಡೆಯೋಕೆ ನೋಡ್ತೀವಿ. ತಡೀರಿ, ಆಗ ಸರಿಯಾಗಿ ಬರತ್ತೆ." ಗೆರೆ ದಾಟುವುದನ್ನೂ ಅವರೇ ಕಲಿಸಿದರು. ಕುರ್ಚಿಯಿಂದ ಏಳುವಾಗ ಎರಡು ಸಲ ಹಿಂದಕ್ಕೆ ಬೀಳುವುದನ್ನೂ ತೋರಿಸಿದರು. ಹೆಂಡತಿಯೆದುರು ಮುಚ್ಚಿಡುತ್ತಿದ್ದ ಜೊಲ್ಲನ್ನೂ ಮುಚ್ಚಿಡಲಿಲ್ಲ. ಇದೆಲ್ಲ ಯಾಕೆ ಎಂದು ಕೇಳಿದೆ. ಅವರ ಉತ್ತರ ನೆನಪಿದೆ. "ದೊಡ್ಡ ಪರದೆ ಮೇಲೆ ಬಂದ್ರೆ ಎಲ್ರಿಗೂ ಗೊತ್ತಾಗತ್ತಲ್ಲಪ್ಪಾ, ಇದು ಕಾಯಿಲೆ ಅಂತ. ಆ ಕಂಡಕ್ಟರೂ ಸಿನಿಮಾ ನೋಡೇ ನೋಡ್ತಾನೆ."

ಬಿಡುಗಡೆಯ ದಿನ ಮೂವರೂ ಹೋದೆವು. ವರದಣ್ಣ ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟಿದ್ದರು. ಕನಕಕ್ಕ ಮಧ್ಯಾಹ್ನದ ಊಟವನ್ನೇ ನಿಲ್ಲಿಸಿದ್ದಳು.

ತೆರೆಯ ಮೇಲೆ ನಟ ಬಂದ. ಬಾಗಿಲ ಬಳಿ ಅವನ ಕಾಲು ಅಂಟಿಕೊಂಡಿತು. ಕಾಲೆತ್ತಿ, ಇಲ್ಲದ ಗೆರೆಯನ್ನು ದಾಟಿದ. ಬೆರಳ ನಡುಕ, ವಾಲಿದ ಭುಜ, ಎಲ್ಲವೂ ಹಾಗೆಯೇ ಇದ್ದವು. ಸೊಂಟದಲ್ಲಿ ಸಾರಾಯಿ ಬಾಟಲಿ ಇತ್ತು. ಬಿದ್ದ. ಥಿಯೇಟರು ನಕ್ಕಿತು, ಯಾರೋ ಸಿಳ್ಳೆ ಹಾಕಿದರು. ಮುಂದಿನ ದೃಶ್ಯದಲ್ಲಿ ಅವನು ಮೆಸ್ಸಿನ ಒಲೆಯ ಮುಂದೆ ಹೆಂಡತಿಯನ್ನು ಸೌಟಿನಿಂದ ಹೊಡೆದ. ಕಾಯಿಲೆಯ ಹೆಸರು ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಬರಲಿಲ್ಲ.

ಕನಕಕ್ಕ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ವರದಣ್ಣ ಕತ್ತಲಲ್ಲಿ ನನ್ನ ಕಡೆ ವಾಲಿ, "ಗೆರೆ ಚೆನ್ನಾಗಿ ದಾಟ್ತಾನೆ" ಎಂದರು. ನಟನನ್ನು ಹೊಗಳುವ ದನಿಯಲ್ಲೇ ಹೇಳಿದರು.

ಹೊರಬರುವಾಗ ಥಿಯೇಟರಿನ ಬಾಗಿಲಲ್ಲಿ ಅವರ ಕಾಲು ನಿಂತಿತು. ಹಿಂದೆ ಜನ ತುಂಬಿದ್ದರು. ವರದಣ್ಣ ಕಾಲೆತ್ತಿದರು. "ಪಾರುಡಾ, ಪಡತ್ತುಲ ವರ್ರ ಮಾದಿರಿಯೇ!" ಎಂದು ಒಬ್ಬ ಕೂಗಿದ. ಸಿನಿಮಾದಲ್ಲಿ ಬರುವ ಹಾಗೆಯೇ ನಡೆಯುತ್ತಿದ್ದಾರೆಂದು ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. "ಸೂಪರ್ ತಾತಾ, ಇನ್ನೊಂದ್ಸಲ!" ಫೋನುಗಳು ಮೇಲೆದ್ದವು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎರಡೂವರೆ ಗಂಟೆ ಕಲಿಸಿಕೊಟ್ಟದ್ದನ್ನು ಕಲಿತಿದ್ದರು, ಅಷ್ಟೆ.

ಕೆಲವು ವಾರಗಳ ನಂತರ ದಿವಾಕರ್ ಸಿಹಿ ಡಬ್ಬಿಯೊಂದಿಗೆ ಬಂದ. ಬೆನ್ನ ಹಿಂದೆ ಕ್ಯಾಮೆರಾ ಹಿಡಿದವನೊಬ್ಬನಿದ್ದ. ನಿಜವಾದ ಅಪ್ಪ, ಅಮ್ಮನ ಆಶೀರ್ವಾದ ಪಡೆಯುವ ವಿಡಿಯೊ ಬೇಕಿತ್ತು. ಕನಕಕ್ಕ ಕ್ಯಾಮೆರಾದವನನ್ನು ಹೊಸ್ತಿಲಾಚೆ ನಿಲ್ಲಿಸಿದಳು. ದಿವಾಕರನಿಗೆ ಮಾತ್ರ ಎಲೆ ಹಾಕಿದಳು. ಅವನು ಉಣ್ಣಲು ತೊಡಗಿದ ಮೇಲೆ ಕೇಳಿದಳು.

"ಕೈ ನಡುಗಿದ್ದು ಇವರದ್ದು ತೊಗೊಂಡೆ. ನಡಿಗೆ ಇವರದ್ದು. ಕುಡಿತ ಯಾರದಪ್ಪಾ?"

ಅವನು ತಮಿಳಿನಲ್ಲಿ ಹೇಳಿದ್ದರ ಸಾರ ಇದು: ಕಾಯಿಲೆ ತೋರಿಸಿದರೆ ಡಾಕ್ಯುಮೆಂಟರಿ ಆಗುತ್ತದೆ, ಕುಡುಕನಾದರೆ ಪಾತ್ರ ಆಗುತ್ತದೆ. ನಿಮ್ಮ ಕಷ್ಟ ಜನರಿಗೆ ತಟ್ಟಬೇಕಾದರೆ ಗಂಡ ಕೆಟ್ಟವನಾಗಬೇಕು. "ಎಲ್ಲಾ ಕಲ್ಪನೇಂತ ಮೊದಲೇ ಕಾರ್ಡ್ ಹಾಕಿದೀವಲ್ಲಮ್ಮಾ."

"ನಾನು ಇಷ್ಟು ವರ್ಷ ನಿನ್ನ ಎಲೆಗೆ ಹಾಕಿದ್ದೂ ಕಲ್ಪನೇನಾ?"

ಒಳಗಿನಿಂದ ವರದಣ್ಣ ಬಂದರು. ಗೋಡೆ ಹಿಡಿದುಕೊಂಡು, ಬಯ್ಯದೆ, ಏನೋ ಆಫೀಸಿನ ಕಾಗದ ತಿದ್ದಿಸುವವರಂತೆ ಕೇಳಿದರು. "ಒಂದು ಕಾರ್ಡ್ ಹಾಕಿದೀಯಲ್ಲ ದಿವಾಕರಾ, ಇನ್ನೊಂದು ಹಾಕು. ಈ ನಡಿಗೆಯವರೆಲ್ಲ ಕುಡುಕರಲ್ಲ ಅಂತ. ಎರಡು ಸಾಲು. ನಾನೇ ಬರ್ಕೊಡ್ತೀನಿ." ಸೆನ್ಸಾರ್ ಮುಗಿದುಹೋಗಿದೆ, ಫೋನಿನಲ್ಲಿ ನೋಡುವ ಆವೃತ್ತಿ ಬಂದಾಗ ಖಂಡಿತ ಸೇರಿಸುತ್ತೇನೆ ಎಂದ. ಆ ಆವೃತ್ತಿ ಬಂತು. ನಾನು ಮೊದಲಿನಿಂದ ಕೊನೆಯ ಹೆಸರಿನವರೆಗೆ ನೋಡಿದೆ. ಮೊಟ್ಟೆ ಸಾಗಿಸಿದ ವ್ಯಾನಿನವರಿಗೂ ಕೃತಜ್ಞತೆ ಇದೆ. ಆ ಎರಡು ಸಾಲು ಇಲ್ಲ.

ನಾನಿರುವ ಕಸುಬಿನಲ್ಲೂ ತಪ್ಪುಗಳಾಗುತ್ತವೆ. ಒಬ್ಬರ ವಯಸ್ಸು ತಪ್ಪಾಗಿ ಬಂದರೆ ಮರುದಿನ, ಸಣ್ಣ ಅಕ್ಷರದಲ್ಲಾದರೂ, ತಿದ್ದುಪಡಿ ಹಾಕುತ್ತೇವೆ. ಹಾಕದಿದ್ದರೆ ಕೇಳುವವರಿದ್ದಾರೆ. ಒಬ್ಬ ಮನುಷ್ಯನ ಕಾಯಿಲೆಯನ್ನು ಅವನಿಂದಲೇ ಕಲಿತು, ಅದನ್ನು ಅವನ ದುರ್ನಡತೆಯಾಗಿ ಮಾರಿದವನನ್ನು ಕೇಳುವವರು ಯಾರೂ ಇಲ್ಲ. ಆ ನಟನಿಗೆ ಆ ವರ್ಷ ಪ್ರಶಸ್ತಿ ಬಂತು. ಕುಡುಕರನ್ನು ತಿಂಗಳುಗಟ್ಟಲೆ ಹತ್ತಿರದಿಂದ ಗಮನಿಸಿದೆ ಎಂದು ವೇದಿಕೆಯ ಮೇಲೆ ಹೇಳಿದ. ಅವನು ಗಮನಿಸಿದ್ದು ಒಬ್ಬರನ್ನು. ಅವರು ಅವನ ಲೋಟಕ್ಕೆ ಮಜ್ಜಿಗೆ ಹಾಕಿದ್ದರು.

ವರದಣ್ಣ ಬಡಿಸುವುದನ್ನು ಬಿಟ್ಟರು. ಸಿನಿಮಾ ನೋಡಿ, ಕಥೆ ಇದೇ ಮೆಸ್ಸಿನದೆಂದು ತಿಳಿದು ಬಂದ ಹೊಸ ಗಿರಾಕಿಗಳು ಅವರ ಕೈ ನೋಡಿ ಮುಸಿಮುಸಿ ನಗುತ್ತಿದ್ದರು, ಕನಕಕ್ಕನನ್ನು ಕನಿಕರದಿಂದ ನೋಡುತ್ತಿದ್ದರು. ಒಬ್ಬಳು ಹೆಂಗಸು ಅವಳ ಕೈ ಹಿಡಿದು, "ಇನ್ನೂ ಹೊಡೀತಾರಾಮ್ಮಾ?" ಎಂದೇ ಕೇಳಿದಳು. ಅದು ಒಳಗೆ ಬೀನ್ಸಿನ ನಾರು ತೆಗೆಯುತ್ತಿದ್ದ ವರದಣ್ಣನಿಗೆ ಕೇಳಿಸಿತು. ಆಮೇಲೆ ಅವರು ಹೊರಗಿನ ಕೋಣೆಗೆ ಬರಲೇ ಇಲ್ಲ. ನಾನು ಹೋದರೆ ಅಡುಗೆಮನೆಯಲ್ಲೇ ಮಾತು. "ಹೊರಗೆ ಬನ್ನಿ ವರದಣ್ಣ" ಎಂದರೆ, "ಬೇಡ ತಂಬಿ, ಕನಕನ ಮರ್ಯಾದೆ ಹೋಗತ್ತೆ" ಎನ್ನುತ್ತಿದ್ದರು. ಆ ಮಾತಿಗೆ ಅವಳು ಪಾತ್ರೆ ಕುಕ್ಕುತ್ತಿದ್ದಳು. "ನನ್ನ ಮರ್ಯಾದೆ ಇವರ ಕಾಲಲ್ಲಿದ್ಯಾ? ನಡೀರಿ, ಹೋಗಿ ಬಡಿಸಿ!" ಅವರು ನಗುತ್ತಿದ್ದರು. ಏಳುತ್ತಿರಲಿಲ್ಲ.

ಕಳೆದ ವರ್ಷ ಜ್ವರ ಬಂದು, ಎದೆಗೆ ಕಫ ಕಟ್ಟಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಕನಕಕ್ಕ ನನಗೆ ಫೋನ್ ಮಾಡಿದಳು, ಅಳಲಿಲ್ಲ. "ನಿಮ್ಮ ಪೇಪರಲ್ಲಿ ಹಾಕಪ್ಪಾ. ಇವರು ಕುಡೀತಿರಲಿಲ್ಲ ಅಂತ ಹಾಕು. ಬೇರೆ ಏನಿಲ್ಲದಿದ್ರೂ ಪರವಾಯಿಲ್ಲ" ಎಂದಳು.

ಬರೆದುಕೊಟ್ಟೆ. ಸುದ್ದಿ ಸಂಪಾದಕರು ಆ ವಾಕ್ಯ ಹೊಡೆದುಹಾಕಿದರು. ಸತ್ತವರು ಏನಾಗಿದ್ದರು ಎಂದು ಬರೆಯಬೇಕು, ಏನಾಗಿರಲಿಲ್ಲ ಎಂದಲ್ಲ. ಯಾರೂ ಮಾಡದ ಆರೋಪವನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂದರು. ವಾದಿಸಿದೆ, ಸೋತೆ. ನಿಯಮ ಸರಿಯಾದದ್ದೇ.

ಮರುದಿನ ಪತ್ರಿಕೆ ತೆಗೆದುಕೊಂಡು ಹೋದೆ. ಹೆಸರು, ಊರು, ಟೈಪಿಸ್ಟ್ ಕೆಲಸ, ಮೆಸ್ಸು, ಎಲ್ಲವನ್ನೂ ಕನಕಕ್ಕ ಬೆರಳಿಟ್ಟು ಓದಿದಳು. ಮತ್ತೆ ಮೇಲಿನಿಂದ ಓದಿದಳು. ನಾನು ನಿಯಮ ವಿವರಿಸಿದೆ.

"ಅವರಿಗೆ ಕಲೆ. ನಿಮಗೆ ನಿಯಮ" ಎಂದಳು. "ಹಾಗಾದ್ರೆ ಇವರು ಕುಡೀತಿರಲಿಲ್ಲ ಅಂತ ಹೇಳೋ ಕೆಲಸ ಯಾರದು?"

ವರದಣ್ಣ ಕುಡಿಯುತ್ತಿರಲಿಲ್ಲ. ಹೆಂಡತಿಯ ಮೇಲೆ ಎಂದೂ ಕೈ ಎತ್ತಿದವರಲ್ಲ. ಅವರಿಗಿದ್ದದ್ದು ಪಾರ್ಕಿನ್‌ಸನ್ ಕಾಯಿಲೆ.