ಕೀ ಯಾರ ಕೈಯಲ್ಲಿತ್ತು

ನಮ್ಮ ಕಂಪನಿಯ ಟ್ರೇಲರ್ ಎಂದರೆ ಊರೂರು ತಿರುಗುವ ಒಂದು ಲ್ಯಾಬ್. ಒಳಗೆ ಪ್ರೆಶರ್ ಗೇಜುಗಳನ್ನು ಪರೀಕ್ಷಿಸುವ ಉದ್ದದ ಮೇಜು, ಎರಡು ಎಸಿ, ಒಂದು ಚಾ ಕೆಟಲ್. ಅದನ್ನು ಎಳೆಯುವುದು ಹಳೆಯ, ದೊಡ್ಡ ಪಿಕಪ್. ಬೇರೆ ಟ್ರೇಲರುಗಳ ಹಾಗೆ ಇದನ್ನು ಗಾಡಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸುವುದಿಲ್ಲ. ಪಿಕಪ್ಪಿನ ತೊಟ್ಟಿಯ ನಡುವೆ, ಹಿಂದಿನ ಚಕ್ರಗಳ ನೇರಕ್ಕೆ, ಕಬ್ಬಿಣದ ಅಗಲವಾದ ಪ್ಲೇಟ್ ಬಿಗಿದಿದೆ. ಆ ಪ್ಲೇಟಿಗೆ ಹಿಂದಕ್ಕೆ ತೆರೆದುಕೊಂಡ ಒಂದು ಬಾಯಿ. ಟ್ರೇಲರಿನ ಕುತ್ತಿಗೆ ತೊಟ್ಟಿಯ ಮೇಲಕ್ಕೆ ಚಾಚಿಕೊಂಡಿರುತ್ತದೆ, ಅದರ ಅಡಿಯಿಂದ ದಪ್ಪದೊಂದು ಪಿನ್ ಇಳಿದಿರುತ್ತದೆ. ಪಿಕಪ್ ರಿವರ್ಸ್ ಬಂದಾಗ ಪಿನ್ ಆ ಬಾಯಿಯೊಳಗೆ ಹೋಗಿ ದವಡೆ ಠಕ್ಕೆಂದು ಮುಚ್ಚಿಕೊಳ್ಳಬೇಕು. ಬಿಡಿಸುವುದೆಂದರೆ ಇದೇ ಕೆಲಸ ಹಿಂದುಮುಂದಾಗಿ.

ಇದಕ್ಕೆ ಫಿಫ್ತ್ ವೀಲ್ ಎಂದು ಹೆಸರು. ಐದನೇ ಚಕ್ರ ಎಲ್ಲಿದೆ ಎಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ಡ್ರೈವರ್ ಅಂಕಲ್ ಹತ್ತಿರ ಕೇಳಿದ್ದೆ.

"ಚಕ್ರ ಎಂತದ್ದೂ ಇಲ್ಲ ಮಾರಾಯ್ತಿ. ಹೆಸರು ಮಾತ್ರ."

"ಇಲ್ಲದ ಚಕ್ರಕ್ಕೆ ಹೆಸರು ಯಾಕೆ?"

"ನಿನಗೆ ನಿನ್ನ ಹೆಸರು ಯಾಕೆ ಇಟ್ರು ಅಂತ ನಾನು ಕೇಳಿದ್ನಾ?"

ಅಲ್ಲಿಂದ ನಮ್ಮ ಜಗಳ ಶುರು. ಅವರು ಕಾರ್ಕಳದ ಕಡೆಯವರು, ಮನೆಮಾತು ತುಳು. ನಾನು ಒಮಾನ್‌ನ ಮಸ್ಕತ್‌ನಲ್ಲಿ, ಅಲ್ ಅಜೈಬಾದ ಫ್ಲ್ಯಾಟಿನಲ್ಲಿ ಬೆಳೆದ ಮಂಗಳೂರಿನ ಕೊಂಕಣಿಯವಳು. ಹಾಗಾಗಿ ಜಗಳಕ್ಕೆ ಕನ್ನಡ. ಶಾಲೆಯಲ್ಲಿ ಆರು ವರ್ಷ ಡಿಬೇಟ್ ಮಾಡಿದ್ದೆ. ಯಾವ ಪಕ್ಷ ಕೊಟ್ಟರೂ ನಾಲ್ಕು ನಿಮಿಷ ವಾದಿಸಬಲ್ಲೆ ಎಂಬ ಹೆಮ್ಮೆ ಆಗ ಇತ್ತು. ಕಂಪನಿಯಲ್ಲಿ ನನ್ನದು ಸೇಫ್ಟಿ ಟ್ರೈನಿ ಎಂಬ ಹುದ್ದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಅಂಕಲ್‌ಗೆ ಅರವತ್ತಾಗಿತ್ತು. ಮುಂದಿನ ತಿಂಗಳು ಅವರ ವೀಸಾ ರಿನ್ಯೂ ಆಗಬೇಕಿತ್ತು, ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅರವತ್ತು ದಾಟಿದ ಡ್ರೈವರನ್ನು ಇಟ್ಟುಕೊಳ್ಳಲು ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಮಾಲೀಕರು, ಮನಸ್ಸು ಮಾಡಬೇಕು, ಮನಸ್ಸು ಮಾಡಲು ದಾಖಲೆ ಚೊಕ್ಕವಾಗಿರಬೇಕು. ಅವರ ಹೆಂಡತಿ ಮಸ್ಕತ್‌ನಲ್ಲಿ ನರ್ಸ್. ಆಕೆಯ ಕೆಲಸ ಇನ್ನೂ ಎರಡು ವರ್ಷ ಇತ್ತು. "ಅವಳನ್ನು ಇಲ್ಲಿ ಬಿಟ್ಟು ನಾನು ಊರಲ್ಲಿ ಕೂತು ಎಂತ ಮಾಡುದು? ನನಗೆ ಅನ್ನಕ್ಕೆ ನೀರು ಎಷ್ಟು ಇಡ್ಬೇಕು ಅಂತ ಸಹ ಗೊತ್ತಿಲ್ಲ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ನಮ್ಮ ಮುಖ್ಯ ಜಗಳ ಕೀಯದು. ಟ್ರೇಲರ್ ಸಿಕ್ಕಿಸುವಾಗಲೂ ಬಿಡಿಸುವಾಗಲೂ ಅವರದೊಂದು ಪದ್ಧತಿ. ಕೆಲಸ ಮುಗಿಸಿ ಸೀಟಿನಲ್ಲಿ ಕೂರುತ್ತಾರೆ. ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಕೀ ತೆಗೆದು ಕಿಟಕಿಯಿಂದ ಹೊರಗೆ ಚಾಚುತ್ತಾರೆ. ಜೊತೆಯಲ್ಲಿದ್ದವರು ಅದನ್ನು ತೆಗೆದುಕೊಂಡು ಒಂದು ಪೂರ್ತಿ ಸುತ್ತು ಹಾಕಬೇಕು. ಚಕ್ರಕ್ಕೆ ಅಡ್ಡ ಕೊಟ್ಟ ಮರದ ತುಂಡು, ಟ್ರೇಲರಿನ ಮುಂಗಾಲುಗಳು, ವಯರು, ದವಡೆ, ಪಿಕಪ್ಪಿನ ಹಿಂಬಾಗಿಲು, ಎಲ್ಲವನ್ನೂ ಕಣ್ಣಾರೆ ನೋಡಿ ಬಂದು ಕೀ ವಾಪಸ್ ಕೊಡಬೇಕು. ಅಷ್ಟು ಹೊತ್ತು ಎಂಜಿನ್ ಆಫ್, ಎಸಿಯೂ ಆಫ್. ಜೂನ್ ತಿಂಗಳ ಒಮಾನ್‌ನಲ್ಲಿ ಎಸಿ ಆಫ್ ಎಂದರೆ ಏನು ಎಂದು ಅನುಭವಿಸಿದವರಿಗೆ ಗೊತ್ತು.

ನಾನು ಇದಕ್ಕೆ ಮೂಢನಂಬಿಕೆ ಎಂದು ಹೆಸರಿಟ್ಟಿದ್ದೆ. ಅದರ ಬದಲು ಇಂಗ್ಲಿಷಿನಲ್ಲಿ ಹದಿನಾಲ್ಕು ಅಂಶಗಳ ಚೆಕ್‌ಲಿಸ್ಟ್ ಮಾಡಿದೆ. ಪ್ರತಿ ಅಂಶದ ಮುಂದೆ ಒಂದು ಚೌಕ, ಕೆಳಗೆ ನನ್ನ ಸಹಿ. ಲ್ಯಾಬಿನ ಇನ್‌ಚಾರ್ಜ್ ಧಾರವಾಡದ ಕಡೆಯವರು; ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಭಾಳ ಛಲೋ ಆಗೇದ. ಇನ್ನ ಮ್ಯಾಲೆ ಇದ ನಡೀಲಿ" ಎಂದು ಒಪ್ಪಿದರು. ಅಂಕಲ್ ಬೇಡ ಎನ್ನಲಿಲ್ಲ. ಹಾಳೆಯೂ ಇರಲಿ, ಕೀಯೂ ಇರಲಿ ಎಂದರು.

ಆ ದಿನ ಅಲ್ ಖೌದ್‌ನ ಆಫೀಸಿನಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಸಿಕ್ಕಿಸುವ ಕೆಲಸ ಸುಸೂತ್ರವಾಗಿ ಆಯಿತು. ದವಡೆ ಮುಚ್ಚಿದ ಸದ್ದು ಕೇಳಿ ಅಂಕಲ್, "ಅದರ ಬಾಯಿ ಮುಚ್ಚಿತು. ನಿನ್ನದು ಬಾಕಿ" ಎಂದರು. ಸೂರ್ ಹತ್ತಿರದ ಒಂದು ಯಾರ್ಡಿನಲ್ಲಿ ಟ್ರೇಲರನ್ನು ಎರಡು ವಾರಕ್ಕೆ ಬಿಟ್ಟು ಬರಬೇಕಿತ್ತು. ದಾರಿಯಲ್ಲಿ ಕುರಿಯಾತ್‌ನ ಪೆಟ್ರೋಲ್ ಬಂಕಿನಲ್ಲಿ ಚಾ ಕುಡಿಯಲು ನಿಂತೆವು. ಅಲ್ಲಿ ನಾನೊಂದು ಕೆಲಸ ಮಾಡಿದೆ. ಅದನ್ನು ಮುಂದೆ ಹೇಳುವಾಗ ಹೇಳುತ್ತೇನೆ ಎಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಈಗಲೇ ಹೇಳಿಬಿಡುತ್ತೇನೆ. ಸೂರ್‌ನಲ್ಲಿ ಟ್ರೇಲರ್ ಬಿಡಿಸುವಾಗ ಒಂದೊಂದೇ ನೋಡಿ ತುಂಬಬೇಕಾದ ಹಾಳೆಯನ್ನು ಅಲ್ಲೇ, ಎಸಿ ಗಾಡಿಯಲ್ಲಿ ಕೂತು, ಚಾ ಹೀರುತ್ತಾ ತುಂಬಿಬಿಟ್ಟೆ. ಯಾರ್ಡಿನಲ್ಲಿ ಗಾಳಿಗೆ ಹಾಳೆ ಹಾರುತ್ತದೆ, ಬೆವರಿಗೆ ಇಂಕು ಕಲಸುತ್ತದೆ. ಹದಿನಾಲ್ಕು ಟಿಕ್, ಒಂದು ಸಹಿ. ಮೊದಲ ಸಲವೇನೂ ಅಲ್ಲ.

ಯಾರ್ಡ್ ತಲುಪಿದಾಗ ಒಂಬತ್ತೂವರೆ. ಅಂಕಲ್ ಮರದ ತುಂಡುಗಳನ್ನು ಚಕ್ರಕ್ಕೆ ಅಡ್ಡ ಇಟ್ಟರು, ಮುಂಗಾಲುಗಳನ್ನು ನೆಲಕ್ಕೆ ಇಳಿಸಿ ಭಾರ ಅವುಗಳ ಮೇಲೆ ಬರುವಂತೆ ಮಾಡಿದರು, ವಯರ್ ಬಿಚ್ಚಿದರು, ಹಿಡಿ ಎಳೆದು ದವಡೆ ತೆರೆದರು. ನಾನು ಅವರ ಹಿಂದೆಯೇ ವಾದ ಮಾಡುತ್ತಾ ತಿರುಗುತ್ತಿದ್ದೆ. ಸರಿಯಾಗಿ ಹೇಳಬೇಕೆಂದರೆ ನೆರಳಿದ್ದ ಬದಿಯಲ್ಲಷ್ಟೇ ತಿರುಗುತ್ತಿದ್ದೆ. ಇನ್ನೊಂದೇ ಕೆಲಸ ಉಳಿದಿತ್ತು. ಪಿಕಪ್ಪಿನ ಹಿಂಬಾಗಿಲನ್ನು ಕೆಳಗೆ ಬಿಡಬೇಕು. ಬಿಡದೆ ಗಾಡಿ ಮುಂದಕ್ಕೆ ತೆಗೆದರೆ ಟ್ರೇಲರಿನ ಪಿನ್ನಿಗೆ ಬಾಗಿಲು ಹೋಗಿ ಬಡಿಯುತ್ತದೆ. ನನಗೆ ಉತ್ತರ ಕೊಡುವ ಭರದಲ್ಲಿ ಅವರು ಅದನ್ನು ಮರೆತು ಸೀಟಿಗೆ ಹೋಗಿ ಕೂತರು. ಮಾಮೂಲಿನಂತೆ ಕೀ ಚಾಚಿದರು.

"ಅಂಕಲ್, ಕೀ ನನ್ನ ಕೈಯಲ್ಲಿದ್ದರೆ ನಾನು ನೋಡಿದ್ದೇನೆ ಅಂತ ಸಾಬೀತಾಗ್ತದಾ?" ಎಂದೆ, ತೆಗೆದುಕೊಳ್ಳುತ್ತಾ.

"ನಿನ್ನ ಕೈಯಲ್ಲಿದ್ರೆ ಅಲ್ಲ. ವಾಪಸ್ ಕೊಟ್ರೆ ನೋಡಿದ್ದೀ ಅಂತ."

"ನೋಡದೆ ಕೊಟ್ಟರೆ?"

"ನೋಡದೆ ಯಾಕೆ ಕೊಡ್ತೀ? ಮರ್ಲಾ ನಿನಗೆ?"

ಡಿಬೇಟಿನಲ್ಲಿ ಉತ್ತರ ಹೊಳೆಯದಿದ್ದರೆ ಏನಾದರೂ ನಾಟಕ ಮಾಡಬೇಕು ಎಂದು ನಮಗೆ ಕಲಿಸಿದ್ದರು. "ತಗೊಳ್ಳಿ, ಕೊಟ್ಟೆ. ಏನು ಬದಲಾಯ್ತು ಈಗ?" ಎಂದು ಕೀಯನ್ನು ಅವರ ಅಂಗೈಯಲ್ಲಿ ಇಟ್ಟೆ.

ನನಗದು ವಾದದ ಕೊನೆಯ ಸಾಲು. ಅವರಿಗೆ ಅದು ಕೀ. ನಾನು ಅಷ್ಟು ಹೊತ್ತು ಅಲ್ಲೇ ಸುತ್ತಾಡುತ್ತಿದ್ದುದನ್ನು ಕಂಡಿದ್ದರು, ಕೊಟ್ಟಿದ್ದೇನೆಂದರೆ ನೋಡಿದ್ದೇನೆ ಎಂದೇ ಲೆಕ್ಕ. ಸ್ಟಾರ್ಟ್ ಮಾಡಿ ಮುಂದಕ್ಕೆ ತೆಗೆದರು.

ಬಾಗಿಲು ಪಿನ್ನಿಗೆ ಸಿಕ್ಕಿ ಹೊರಕ್ಕೆ ಮಡಚಿಕೊಂಡಿತು. ಊಟ ಮುಗಿಸಿ ಬಾಳೆಲೆ ಮಡಚುತ್ತೇವಲ್ಲ, ಹಾಗೆ. ಒಂದು ಕಡೆಯ ತಿರುಗಣಿ ಕಿತ್ತು ಬಂತು. ಟ್ರೇಲರ್ ಒಮ್ಮೆ ಅಲುಗಿ ತನ್ನ ಕಾಲ ಮೇಲೆ ನಿಂತಿತು. ಅಂಕಲ್ ಇಳಿದು ಬಂದವರು ಬಾಗಿಲ ಕಡೆ ನೋಡಲಿಲ್ಲ. "ನಿನಗೆ ಎಲ್ಲಿಯಾದ್ರೂ ತಾಗಿತಾ?" ಎಂದು ಕೇಳಿದರು. ಇಲ್ಲ ಎಂದೆ. ಆಮೇಲೆ ಬಾಗಿಲ ಮುಂದೆ ಹೋಗಿ ನಿಂತು "ಓ" ಎಂದರು, ಅಷ್ಟೇ.

ಇಂಥ ಪ್ರಸಂಗದ ರಿಪೋರ್ಟ್ ಬರೆಯುವುದು ಸೇಫ್ಟಿಯವರ ಕೆಲಸ, ಅಂದರೆ ನನ್ನದು. ಇನ್‌ಚಾರ್ಜ್‌ಗೆ ಫೋನ್ ಮಾಡಿದೆ. "ಡ್ರೈವರ್ ಮರೆತಾರ ಅಂತ ಬರದು ಕಳಸವಾ, ಮುಗದು ಹೋತು" ಎಂದರು. ವಾಪಸ್ ಬರುವ ದಾರಿಯಲ್ಲಿ ಅಂಕಲ್ ಕೂಡ ಅದನ್ನೇ ಹೇಳಿದರು. "ನನ್ನ ಹೆಸರು ಹಾಕು. ಗಾಡಿ ಬಿಟ್ಟದ್ದು ನಾನು. ನಿನ್ನದು ಪ್ರೊಬೇಷನ್ ಉಂಟು."

"ನಿಮ್ಮದು ವೀಸಾ ಉಂಟು."

"ಅದು ನಾನು ನೋಡ್ಕೊಳ್ತೇನೆ" ಎಂದರು. ಕುರಿಯಾತ್‌ನ ಬಂಕಿನಲ್ಲಿ ಚಾಕ್ಕೆ ನಿಲ್ಲಿಸಲಿಲ್ಲ.

ನಾನು ರಿಪೋರ್ಟಿನಲ್ಲಿ ಕೀಯ ವಿಷಯ ಬರೆದೆ. ಸುತ್ತು ಹಾಕದೆ ಕೀ ಕೊಟ್ಟದ್ದು ನಾನು ಎಂದು ಬರೆದೆ. ಹಾಳೆಯ ವಿಷಯ ಬರೆಯಲಿಲ್ಲ. ಯಾರೂ ಕೇಳಿರಲಿಲ್ಲ, ಹೇಳದಿರುವುದು ಸುಳ್ಳಲ್ಲ ಎಂದು ನನಗೆ ನಾನೇ ಎರಡು ದಿನ ವಾದಿಸಿದೆ. ಎದುರು ಪಕ್ಷದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಗೆದ್ದೆ.

ಮೂರನೆಯ ದಿನ ಅಲ್ ಖೌದ್ ಆಫೀಸಿಗೆ ನಮ್ಮಿಬ್ಬರನ್ನೂ ಕರೆದರು. ಕಫೀಲ್ ಬಂದಿದ್ದರು. ವಯಸ್ಸಾದ ಒಮಾನಿ, ಮೊದಲು ತೈಲದ ಫೀಲ್ಡಿನಲ್ಲಿ ಕೆಲಸ ಮಾಡಿದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು ಅಂಕಲ್‌ನ ವೀಸಾ ಫಾರ್ಮ್, ಇನ್ನೊಂದು ನನ್ನ ಚೆಕ್‌ಲಿಸ್ಟ್. ಎರಡನೆಯದು ಸೂರ್‌ನಿಂದ ಬಂದ ದಿನ ಉಳಿದ ಕಾಗದಗಳ ಜೊತೆ ನಾನೇ ಮಾಮೂಲಿನಂತೆ ಕೊಟ್ಟದ್ದು.

ಇನ್‌ಚಾರ್ಜ್ ಮೊದಲು ಕಫೀಲ್‌ಗೆ ಹಿಂದಿಯಲ್ಲಿ ವಿವರಿಸಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನೋಡ್ರಿ, ಇದರಾಗ ಹನ್ನೆರಡನೇದು, ಹಿಂಬಾಗಲಾ ಇಳಿಸೇದ ಅಂತ ಟಿಕ್ ಐತಿ, ಸಹಿನೂ ಐತಿ. ಅಂದ್ರ ಈ ಹುಡುಗಿ ನೋಡಿದಾಗ ಬಾಗಲಾ ಇಳಿದಿತ್ತು. ಆಮ್ಯಾಲೆ ನೀವ ಯಾಕ ಏರಿಸಿದ್ರಿ? ಮತ್ತ ಈ ಕೀ ಕೊಡೋದು ಅಂತ ಒಂದು ಹೊಸಾ ಪದ್ಧತಿ, ಅದು ಪ್ರೊಸೀಜರ್‌ನಾಗ ಎಲ್ಲೈತಿ?"

ಅಂಕಲ್ ನನ್ನ ಕಡೆ ನೋಡಲಿಲ್ಲ. "ಏರಿಸಿದ್ದು ನೆನಪಿಲ್ಲ ಸರ್. ವಯಸ್ಸಾಯ್ತಲ್ಲ" ಎಂದರು. ತಾವು ಮಾಡದ ಕೆಲಸವನ್ನು ಒಪ್ಪಿಕೊಳ್ಳುತ್ತಿದ್ದರು. ಅದೂ ವೀಸಾ ಫಾರ್ಮಿನ ಎದುರು, ವಯಸ್ಸಿನ ಹೆಸರಿನಲ್ಲಿ.

"ಸರ್, ಬಾಗಿಲು ಇಳಿದೇ ಇರಲಿಲ್ಲ" ಎಂದೆ. "ಆ ಟಿಕ್ ನಾನು ಕುರಿಯಾತ್‌ನಲ್ಲಿ ಹಾಕಿದ್ದು. ಹದಿನಾಲ್ಕನ್ನೂ ಅಲ್ಲೇ ಹಾಕಿದ್ದು."

"ಕುರಿಯಾತ್‌ನಾಗ? ಸೂರ್ ಮುಟ್ಟೋಕಿಂತ ಮದಲ?"

"ಹೌದು. ಚಾ ಕುಡಿಯುವಾಗ."

ಇನ್‌ಚಾರ್ಜ್ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ನಾನು ಮಾತು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಅತ್ತುಬಿಡುತ್ತಿದ್ದೆ. ಪ್ಲಾಂಟುಗಳಲ್ಲಿ ಯಂತ್ರದ ಮೇಲೆ ಕೆಲಸ ಮಾಡುವವನು ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಅವನು ಬಂದು ತೆರೆಯುವವರೆಗೆ ಯಂತ್ರವನ್ನು ಯಾರೂ ಚಾಲೂ ಮಾಡುವಂತಿಲ್ಲ. ಆ ವಿಷಯದ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ, ಸರ್ಟಿಫಿಕೇಟ್ ಅದೇ ಆಫೀಸಿನ ಗೋಡೆಯಲ್ಲಿ ತೂಗುತ್ತಿತ್ತು. ಅದನ್ನು ತೋರಿಸಿ ಹಿಂದಿಯಲ್ಲಿ ಹೇಳಿದೆ. ಅಂಕಲ್ ಮಾಡುತ್ತಿರುವುದೂ ಅದೇ. ಗಾಡಿಯ ಸುತ್ತ ಇರುವವನ ಕೈಯಲ್ಲಿ ಕೀ ಇದ್ದರೆ ಗಾಡಿ ಅಲ್ಲಾಡುವುದಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಬೀಗದ್ದನ್ನು ನಿಯಮ ಎಂದೆ, ಅಂಕಲ್ ಬಾಯಲ್ಲಿ ಹೇಳಿದ್ದರಿಂದ ಕೀಯದನ್ನು ಮೂಢನಂಬಿಕೆ ಎಂದೆ. ಅವರ ಪದ್ಧತಿ ಆ ದಿನ ಕೆಲಸ ಮಾಡಲಿಲ್ಲ ನಿಜ. ಮಾಡಬೇಕಾದವಳು ಮಾಡಲಿಲ್ಲ, ಅದಕ್ಕೆ.

ಕಫೀಲ್ ಅಷ್ಟು ಹೊತ್ತು ಅರಬಿ ಕಾಫಿ ಖಾವಾದ ಪುಟ್ಟ ಬಟ್ಟಲನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಒಂದೇ ಪ್ರಶ್ನೆ ಕೇಳಿದರು. "ಚಾಬಿ ಕಿಸ್‌ಕೇ ಹಾಥ್ ಮೇ ಥೀ?"

"ಮೇರೇ" ಎಂದೆ, ನನ್ನ ಕೈಯಲ್ಲಿ.

"ಖಲಾಸ್" ಎಂದು ಎದ್ದರು. ವೀಸಾ ಫಾರ್ಮನ್ನು ಮಡಚಿ ತಮ್ಮ ಬಿಳಿ ನಿಲುವಂಗಿ ದಿಶ್‌ದಾಶಾದ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆ 'ಖಲಾಸ್' ಯಾರಿಗೆ ಹೇಳಿದ್ದು ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಹೊರಗೆ ಬಂದ ಮೇಲೆ ಅಂಕಲ್ ಸಿಟ್ಟಾದರು. "ಕುರಿಯಾತ್‌ದ್ದು ಹೇಳು ಅಂತ ನಿನಗೆ ಯಾರು ಹೇಳಿದ್ದು? ಈಗ ಇಬ್ಬರದ್ದೂ ಹೋಯ್ತು."

"ನೀವು ಬಾಗಿಲು ಏರಿಸಿದ್ದು ಅಂತ ಒಪ್ಪಿಕೊಂಡದ್ದು ಯಾಕೆ?"

"ಮತ್ತೆ? ನಿನ್ನ ಸಹಿ ಉಂಟಲ್ಲ ಅದರಲ್ಲಿ. ಸಹಿ ಮಾಡಿದ್ದನ್ನು ಸುಳ್ಳು ಅಂತ ನಾನು ಹೇಗೆ ಹೇಳುದು?"

ಈ ಸಲ ನಾಟಕ ಮಾಡಲಿಲ್ಲ.

ಹತ್ತು ದಿನದ ನಂತರ ಫಾರ್ಮ್ ಸಹಿಯಾಗಿ ಬಂತು, ಎರಡು ವರ್ಷಕ್ಕೆ. ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಚೆಕ್‌ಲಿಸ್ಟಿನ ಮೊದಲನೆಯ ಸಾಲಾಗಿ ಕೀಯ ನಿಯಮ ಸೇರಿಸಬೇಕೆಂದು ಇನ್‌ಚಾರ್ಜ್ ಹೇಳಿದರು, ಇಂಗ್ಲಿಷಿನಲ್ಲಿ ಬರೆದು ಸೇರಿಸಿದೆ. ಅದನ್ನು ಅಂಕಲ್‌ಗೆ ಓದಿ ಹೇಳಿದಾಗ, "ಇಷ್ಟು ಉದ್ದ ಉಂಟಾ ನಾನು ಮಾಡುದು?" ಎಂದು ಅವರಿಗೇ ಆಶ್ಚರ್ಯ.

ಟ್ರೇಲರ್ ತರಲು ಮತ್ತೆ ಸೂರ್‌ಗೆ ಹೋದೆವು. ಸೊಟ್ಟ ಬಾಗಿಲು ರಿಪೇರಿಗೆ ಆಗುವಂತಿರಲಿಲ್ಲ, ಗ್ಯಾರೇಜಿನವರು ಪೂರ್ತಿ ಕಳಚಿಟ್ಟಿದ್ದರು. ತೊಟ್ಟಿಯ ಹಿಂಬದಿ ಬೋಳು. ಸಿಕ್ಕಿಸುವುದು ಆಯಿತು, ದವಡೆ ಮುಚ್ಚಿತು. ಅಲ್ ಖೌದ್ ತಲುಪಿ ಬಿಡಿಸುವಾಗ ಅಂಕಲ್ ಎಂಜಿನ್ ಆಫ್ ಮಾಡಿ ಕಿಟಕಿಯಿಂದ ಕೀ ಚಾಚಿದರು. ತೆಗೆದುಕೊಂಡು ಸುತ್ತು ಹೊರಟೆ. ಮರದ ತುಂಡು ನೋಡಿದೆ, ಮುಂಗಾಲು ನೋಡಿದೆ, ವಯರು, ದವಡೆ ನೋಡಿದೆ. ಬಿಸಿಲಿನ ಬದಿಗೆ ತಿರುಗುವ ಮುನ್ನ ಕಿಟಕಿಯ ಹತ್ತಿರ ವಾಪಸ್ ಬಂದೆ.

"ಆಯ್ತು ಅಂಕಲ್."

"ಹಿಂಬಾಗಿಲು?"

"ಬಾಗಿಲೇ ಇಲ್ಲವಲ್ಲ, ನೋಡುವುದು ಏನನ್ನು?"

"ಇಲ್ಲ ಅಂತ ನೋಡಿ ಬಾ."

ವಾದಿಸಬಹುದಿತ್ತು. ನನ್ನ ಪಕ್ಷ ಗಟ್ಟಿಯಾಗಿಯೇ ಇತ್ತು. ಹಿಂದಕ್ಕೆ ಹೋಗಿ, ಬಿಸಿಲಿನಲ್ಲಿ ನಿಂತು, ಬಾಗಿಲು ಇಲ್ಲದ ಜಾಗವನ್ನು ನೋಡಿದೆ. ಇರಲಿಲ್ಲ. ತಿರುಗಿ ಬಂದು ಕೀ ಕೊಟ್ಟೆ.

"ಯಲ್ಲಾ, ಹೋಗುವಾ" ಎಂದು ಅವರು ಸ್ಟಾರ್ಟ್ ಮಾಡಿದರು.